ಸಹಿ ಇರುವುದು ಬಟ್ಟೆಯ ಒಳಮಗ್ಗುಲಲ್ಲಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಜಗತ್ತಿನ ಹೆಸರಾಂತ ವಸ್ತ್ರವಿನ್ಯಾಸಕರ ಬಗ್ಗೆ ಬಂದ ಲೇಖನ ಓದಿದೆವು. ಶನೆಲ್ ಎಂದರೆ ಸರಳತೆ, ಡಿಯೊರ್ ಎಂದರೆ ಲಾಲಿತ್ಯ, ಮಿಯಾಕೆ ಎಂದರೆ ಪ್ರಯೋಗ ಎಂದು ಒಬ್ಬೊಬ್ಬರಿಗೆ ಒಂದೊಂದು ಗುಣವಾಚಕ ಅಂಟಿಸಿ, ಪಕ್ಕದಲ್ಲಿ ರೂಪದರ್ಶಿಯ ಮುಂಭಾಗದ ಚಿತ್ರವೊಂದನ್ನು ಹಾಕಿ ಮುಗಿಸಿದ್ದೀರಿ. ಓದುಗರಿಗೆ ಖುಷಿಯಾಗಿರಬಹುದು. ಆದರೆ ಇಂಥ ಚಿತ್ರ ಮರುದಿನವೇ ಮೊಬೈಲ್ ಏರಿ ಊರಿನ ಟೈಲರ್ ಅಂಗಡಿಗೆ ಬರುತ್ತದೆ: ‘ಸೇಮ್ ಇದೇ ಥರ ಹೊಲಿದುಕೊಡಿ.’ ತಂದಿರುವ ಬಟ್ಟೆ ಗಟ್ಟಿ ರಾ ಸಿಲ್ಕ್, ಚಿತ್ರದಲ್ಲಿರುವುದು ಮೆತ್ತನೆಯ ಕ್ರೇಪು. ಹೊಲಿದದ್ದು ಚಿತ್ರದಂತೆ ಕೂರುವುದಿಲ್ಲ, ಬೈಗುಳ ಟೈಲರಿಗೆ.

ಒಬ್ಬ ವಿನ್ಯಾಸಕನ ಗುರುತು ಅಂತ ಏನಿದೆಯೋ ಅದು ಬಹುಪಾಲು ಉಡುಪಿನ ಒಳಗಡೆ ಇರುತ್ತದೆ. ಎಳೆ ಯಾವ ದಿಕ್ಕಿಗೆ ಓಡಿದೆ, ಮೈಯ ಆಕಾರಕ್ಕೆ ಹಿಡಿಯುವ ಮಡಿಕೆ, ಅಂದರೆ ಟಕ್ಸ್, ಎಲ್ಲಿ ಅಡಗಿದೆ, ಲೈನಿಂಗ್ ಹೇಗೆ ಕೂತಿದೆ, ಭಾರವನ್ನು ಯಾವುದು ಹೊತ್ತಿದೆ ಎಂಬುದನ್ನು ಬಿಟ್ಟು ಬರೆದರೆ ಬರೀ ಹೆಸರುಗಳ ಜಾತ್ರೆಯಾಗುತ್ತದೆ. ಹೊಲಿಗೆ ಕಲಿಸುವವರಾಗಿ ಕೆಲವು ಉದಾಹರಣೆಗಳನ್ನು ಮುಂದಿಡುತ್ತಿದ್ದೇವೆ. ಪತ್ರ ಉದ್ದವಾದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ಮೊದಲು, ನಿಮ್ಮ ಲೇಖನದಲ್ಲಿ ಹೆಸರೇ ಇಲ್ಲದ ಮ್ಯಾಡ್ಲೀನ್ ವಿಯೊನೆ. ಹುಟ್ಟಿದ್ದು 1876ರಲ್ಲಿ, ಪ್ಯಾರಿಸ್ಸಿನಲ್ಲಿ ಸ್ವಂತ ಸಂಸ್ಥೆ ತೆರೆದದ್ದು 1912ರಲ್ಲಿ. ಮೊದಲ ಮಹಾಯುದ್ಧದಲ್ಲಿ ಬಾಗಿಲು ಹಾಕಿ, 1918ರಲ್ಲಿ ಮತ್ತೆ ಶುರುಮಾಡಿ, 1939ರವರೆಗೆ ನಡೆಸಿದರು. ಬಟ್ಟೆಯನ್ನು ಕ್ರಾಸ್ ಹಿಡಿದು, ಅಂದರೆ ಎಳೆಗಳಿಗೆ ಓರೆಯಾಗಿ, ಕತ್ತರಿಸುವುದನ್ನು ಇಡೀ ಗೌನಿಗೆ ವಿಸ್ತರಿಸಿದ ಹಿರಿಮೆ ಅವರದು. ಕ್ರಾಸ್ ಕಟಿಂಗ್ ನಮ್ಮ ಟೈಲರುಗಳಿಗೆ ಹೊಸದೇನಲ್ಲ. ಕ್ರಾಸ್ ಕಟ್ ಬ್ಲೌಸಿನ ಮುಂಭಾಗ ಮೈಗೆ ಅಂಟಿ ಕೂರುವುದು, ಕುತ್ತಿಗೆಗೆ ಇಡುವ ಪೈಪಿಂಗ್ ಪಟ್ಟಿ ಸುಕ್ಕಿಲ್ಲದೆ ತಿರುಗುವುದು ಇದೇ ಕಾರಣಕ್ಕೆ. ಹಾಸಿನ (ಉದ್ದ ಎಳೆಯ) ಗುಂಟ ಎಳೆದರೆ ಬಟ್ಟೆ ಜಗ್ಗುವುದಿಲ್ಲ, ಹೊಕ್ಕಿನ (ಅಡ್ಡ ಎಳೆಯ) ಗುಂಟ ಎಳೆದರೂ ಅಷ್ಟೇ. 45 ಡಿಗ್ರಿಯಲ್ಲಿ ಎಳೆದರೆ ಮಾತ್ರ ಹಾಸು ಹೊಕ್ಕುಗಳ ನಡುವಿನ ಚೌಕಗಳು ವಾಲಿ ವಜ್ರದಾಕಾರ ಆಗುತ್ತವೆ. ಬಟ್ಟೆ ಉದ್ದವಾಗುತ್ತದೆ, ಅಷ್ಟೇ ಅಗಲ ಕಳೆದುಕೊಳ್ಳುತ್ತದೆ. ಬ್ಲೌಸಿನಲ್ಲಿ ಒಂಬತ್ತು ಹತ್ತು ಇಂಚಿನ ತುಂಡಿಗೆ ಮಾಡುವ ಈ ಕೆಲಸವನ್ನು ಹೆಗಲಿನಿಂದ ಪಾದದವರೆಗೆ ಮಾಡಲು ಹೋದಾಗ ಎಲ್ಲ ತಾಪತ್ರಯ ಶುರು.

ಮೊದಲನೆಯ ತಾಪತ್ರಯ ಬಟ್ಟೆಯ ಅಗಲ. ಲೆಕ್ಕ ಸುಲಭವಾಗಿದೆ. ಬಟ್ಟೆಯ ಅಗಲವನ್ನು 1.41ರಿಂದ ಗುಣಿಸಿ, ಕ್ರಾಸಿನಲ್ಲಿ ಕತ್ತರಿಸುವ ತುಂಡಿನ ಉದ್ದ ಮತ್ತು ಅಗಲ ಎರಡನ್ನೂ ಕೂಡಿದರೆ ಆ ಸಂಖ್ಯೆಯನ್ನು ಮೀರಬಾರದು. 44 ಇಂಚು ಪನ್ನದ (ಅಗಲದ) ಬಟ್ಟೆಗೆ ಇದು 62. ಹೊಲಿಗೆಗೆ ಬಿಡುವ ಮಾರ್ಜಿನ್ ಸೇರಿ 20 ಇಂಚು ಅಗಲದ ತುಂಡು ಬೇಕಾದರೆ 42 ಇಂಚಿಗಿಂತ ಉದ್ದ ಸಿಗದು. ಅದೇ 20 ಇಂಚಿಗೆ 56 ಇಂಚು ಉದ್ದ ಬೇಕೆಂದರೆ 54 ಇಂಚು ಪನ್ನದ ಬಟ್ಟೆಯನ್ನೇ ಹುಡುಕಬೇಕು. ಫ್ರಾನ್ಸಿನ ಲಿಯೋನ್ ನಗರದ ರೇಷ್ಮೆ ತಯಾರಕರಾದ ಬಿಯಾಂಕಿನಿ-ಫೆರಿಯೆ ಅವರಿಂದ ವಿಯೊನೆ ಮಾಮೂಲಿಗಿಂತ ಹೆಚ್ಚು ಪನ್ನದ ಕ್ರೇಪನ್ನು ನೇಯಿಸಿಕೊಳ್ಳುತ್ತಿದ್ದುದು ಇದಕ್ಕೇ. ಪನ್ನ ಸಾಲದಿದ್ದರೆ ಜೋಡು ಹಾಕಬಹುದು, ಆದರೆ ಜೋಡು ಎಳೆಯ ಗುಂಟವೇ ಬರಬೇಕು. ಆಗ ಉಟ್ಟಾಗ ಅದು ಓರೆ ಗೆರೆಯಾಗಿ ಕಾಣುತ್ತದೆ, ಬಟ್ಟೆಯ ಜಗ್ಗುವಿಕೆಗೆ ಅಡ್ಡಬರುವುದಿಲ್ಲ. ಸೊಂಟದಲ್ಲಿ ಅಡ್ಡ ಜೋಡು ಹಾಕಿದರೆ ಅಲ್ಲಿಗೆ ಬಟ್ಟೆ ಗಂಟು ಬಿಗಿದಂತೆ ನಿಂತುಬಿಡುತ್ತದೆ.

ಎರಡನೆಯದು ಹಾಸುವ ಕ್ರಮ. ಬಟ್ಟೆಯನ್ನು ಮಡಚಿ ಜೋಡಿ ಪದರದಲ್ಲಿ ಕತ್ತರಿಸುವ ರೂಢಿ ಇಲ್ಲಿ ನಡೆಯದು. ಕೆಳಗಿನ ಪದರ ಜಾರಿ, ಎಡ ಬಲ ತುಂಡುಗಳ ಅಳತೆ ಬೇರೆಯಾಗುತ್ತದೆ. ಒಂದು ಎಳೆ ಕಿತ್ತು ಬಟ್ಟೆಯನ್ನು ಮೂಲೆಮಟ್ಟಕ್ಕೆ ಸರಿಮಾಡಿ, ಕೆಳಗೆ ಕಾಗದ ಹಾಸಿ, ಕಾಗದಕ್ಕೇ ಗುಂಡುಸೂಜಿ ಚುಚ್ಚಿ, ಒಂಟಿ ಪದರದಲ್ಲಿ ಕಾಗದ ಸಮೇತ ಕತ್ತರಿಸಬೇಕು. ಎಡದ ತುಂಡನ್ನು ಎಡಕ್ಕೆ ಓರೆಯಾಗಿಸಿದ್ದರೆ ಬಲದ್ದನ್ನು ಬಲಕ್ಕೆ, ಕನ್ನಡಿಯಲ್ಲಿ ಕಂಡಂತೆ. ಹಾಸಿನ ನೂಲು ಹೊಕ್ಕಿನ ನೂಲಿಗಿಂತ ಸಾಮಾನ್ಯವಾಗಿ ಬಿಗಿ. ಎರಡೂ ತುಂಡನ್ನು ಒಂದೇ ದಿಕ್ಕಿಗೆ ಕತ್ತರಿಸಿದರೆ ಗೌನು ನಡೆಯುವಾಗ ಮೈ ಸುತ್ತ ತಿರುಗುತ್ತಾ ಹೋಗಿ, ಪಕ್ಕದ ಹೊಲಿಗೆ ಹೊಕ್ಕುಳ ಮುಂದೆ ಬಂದು ನಿಲ್ಲುತ್ತದೆ. ಅಗ್ಗದ ‘ಸ್ಲಿಪ್ ಡ್ರೆಸ್’ಗಳಲ್ಲಿ ಈ ದೋಷ ಸರ್ವೇಸಾಮಾನ್ಯ. ಬಟ್ಟೆ ಉಳಿಸಲು ತುಂಡುಗಳನ್ನು ಸಿಕ್ಕ ದಿಕ್ಕಿಗೆ ಜೋಡಿಸಿಟ್ಟು ಕತ್ತರಿಸಿದ್ದರ ಫಲ ಅದು.

ಮಾರ್ಜಿನ್ ಅರ್ಧ ಇಂಚು ಸಾಲದು, ಒಂದೂವರೆ ಇಂಚು ಬಿಡಿ. ಕಚ್ಚಾ ಹೊಲಿಗೆ ಹಾಕಿ, ಕೆಳ ಅಂಚಿಗೆ ಬಟ್ಟೆ ಕ್ಲಿಪ್ಪುಗಳ ಭಾರ ಕೊಟ್ಟು, ಒಂದೆರಡು ದಿನ ನೇತುಹಾಕಬೇಕು. ತನ್ನ ಭಾರಕ್ಕೇ ಬಟ್ಟೆ ಇಳಿಯುತ್ತದೆ. ಎಲ್ಲ ಕಡೆ ಸಮವಾಗಿ ಇಳಿಯದು ಎಂಬುದೇ ತೊಡಕು. ಇಳಿದ ಮೇಲೆ ಅಗಲ ಕಡಿಮೆಯಾದ ಕಡೆ ಮಾರ್ಜಿನ್ನಿನಿಂದ ಬಿಟ್ಟುಕೊಟ್ಟು ಪಕ್ಕದ ಹೊಲಿಗೆಯನ್ನು ಹೊಸದಾಗಿ ಗುರುತು ಮಾಡಬೇಕು. ಹೆಮ್ಮಿಂಗ್ ಎಲ್ಲಕ್ಕಿಂತ ಕೊನೆಗೆ, ಉಟ್ಟವರನ್ನು ನಿಲ್ಲಿಸಿ, ನೆಲದಿಂದ ಸ್ಕೇಲಿನಲ್ಲಿ ಅಳೆದು. ನೇತುಹಾಕದೆ ಮಡಚಿದ ಅಂಚು ಎರಡನೇ ಸಲ ಉಡುವ ಹೊತ್ತಿಗೆ ಅಲೆಅಲೆಯಾಗಿರುತ್ತದೆ.

ಹೊಲಿಗೆಯ ದಾರ ಜಗ್ಗುವುದಿಲ್ಲ, ಬಟ್ಟೆ ಜಗ್ಗುತ್ತದೆ. ಹಾಗಾಗಿ ನೇರ ಹೊಲಿಗೆ ಹಾಕಿದರೆ ಒಂದೋ ಸುಕ್ಕುಗಟ್ಟುತ್ತದೆ, ಇಲ್ಲವೇ ಕೂತಾಗ ಪಟ್ಟನೆ ಕಿತ್ತುಹೋಗುತ್ತದೆ. ಜಿಗ್‌ಜಾಗ್ ಇರುವ ಮಿಷನ್ನಾದರೆ ಅಗಲ ಅರ್ಧ ಮಿಲಿಮೀಟರ್, ಉದ್ದ ಎರಡರಿಂದ ಎರಡೂವರೆ ಮಿಲಿಮೀಟರ್ ಇಟ್ಟರೆ ಹೊರಗೆ ನೇರ ಹೊಲಿಗೆಯಂತೆಯೇ ಕಾಣುತ್ತದೆ. ಕಾಲಿನಲ್ಲಿ ತುಳಿಯುವ ಹಳೆಯ ಮಿಷನ್ನಾದರೆ ಸೂಜಿಯ ಮುಂದೆ ಹಿಂದೆ ಎರಡೂ ಕಡೆ ಬಟ್ಟೆಯನ್ನು ಸಮನಾಗಿ ತುಸುವೇ ಎಳೆದು ಹಿಡಿದು ಹೊಲಿಯಿರಿ, ಮೇಲಿನ ದಾರದ ಬಿಗಿ ಸಡಿಲಿಸಿ. ಸೂಜಿ 9 ಅಥವಾ 11 ನಂಬರ್. 16 ಹಾಕಿದರೆ ರೇಷ್ಮೆಯ ಎಳೆ ಕೀಳುತ್ತದೆ. ಕ್ರಾಸಿನ ಅಂಚು ಬಿಚ್ಚಿಕೊಳ್ಳುವುದು ಕಡಿಮೆ, ಓವರ್‌ಲಾಕ್ ಬಿಗಿಯಾಗಿ ಹೊಡೆಯುವ ಅಗತ್ಯವಿಲ್ಲ. ಕುತ್ತಿಗೆ ಮತ್ತು ಕಂಕುಳಿನ ಸುತ್ತ ಮಾತ್ರ, ಕತ್ತರಿಸಿದ ಕೂಡಲೇ, ಎಳೆಯ ಗುಂಟ ಕತ್ತರಿಸಿದ ಕಾಲಿಂಚಿನ ಪಟ್ಟಿ ಇಟ್ಟು ಹಿಡಿದುಬಿಡಬೇಕು. ಜಿಪ್ಪು ಇಲ್ಲಿ ಶತ್ರು. ಜಿಪ್ಪಿನ ಟೇಪು ಜಗ್ಗದೆ, ಬಟ್ಟೆ ಜಗ್ಗಿ, ಬೆನ್ನ ಮೇಲೆ ಹಾವು ಹರಿದಂತೆ ಕಾಣುತ್ತದೆ. ವಿಯೊನೆಯ ಎಷ್ಟೋ ಗೌನುಗಳು ಜಿಪ್ಪು ಗುಂಡಿಗಳ ಗೊಡವೆಯಿಲ್ಲದೆ ತಲೆಯ ಮೇಲಿಂದ ಹಾಕಿಕೊಳ್ಳುವಂಥವು. ಅವುಗಳ ವಿನ್ಯಾಸದ ಸೌಂದರ್ಯ ಎಂದು ಹೊಗಳುವ ಸರಳತೆಗೆ ಇಂಥ ತಾಂತ್ರಿಕ ಕಾರಣವೂ ಇದೆ.

ಇದನ್ನೆಲ್ಲ ಓದಿ ತಲೆ ತಿರುಗಿದರೆ ಅವರ ಕರವಸ್ತ್ರದ ಗೌನನ್ನು ನೋಡಿ. 1920ರ ಆಸುಪಾಸಿನದು. ರೇಷ್ಮೆ ಕ್ರೇಪಿನ 4 ಚೌಕಗಳು, ಮುಂದೆ ಎರಡು, ಹಿಂದೆ ಎರಡು. ಪ್ರತಿ ಚೌಕವೂ ಒಂದು ಮೂಲೆಯಿಂದ ಹೆಗಲಿಗೆ ತೂಗುಬಿದ್ದಿದೆ. ಚೌಕದ ಬದಿಗಳು ಎಳೆಯ ಗುಂಟ ಇರುವುದರಿಂದ ಹೊಲಿಗೆಗಳೆಲ್ಲ ಜಗ್ಗದ ಕಡೆ ಬೀಳುತ್ತವೆ. ಮೂಲೆಯಿಂದ ತೂಗುವುದರಿಂದ ಮೈಮೇಲೆ ಇಳಿಯುವ ಬಟ್ಟೆಯೆಲ್ಲ ಕ್ರಾಸ್. ಟಕ್ಸ್ ಇಲ್ಲ, ವಂಕಿ ತಿರುವು ಕಟಿಂಗ್ ಇಲ್ಲ, ಬಟ್ಟೆ ಚೂರೂ ಪೋಲಾಗುವುದಿಲ್ಲ. ಗಂಡಸರ ಕರ್ಚೀಫು ನಾಲ್ಕನ್ನು ಗುಂಡುಸೂಜಿಯಲ್ಲಿ ಜೋಡಿಸಿ ಗೊಂಬೆಗೆ ಹಾಕಿದರೂ ತತ್ತ್ವ ಅರ್ಥವಾಗುತ್ತದೆ. ವಿಯೊನೆ ಕೂಡ ಕಾಗದದಲ್ಲಿ ಚಿತ್ರ ಬಿಡಿಸುವ ಬದಲು ಚಿಕ್ಕದೊಂದು ಮರದ ಗೊಂಬೆಗೆ ಬಟ್ಟೆ ಸುತ್ತಿಯೇ ವಿನ್ಯಾಸ ಮಾಡುತ್ತಿದ್ದವರು.

ನಮ್ಮ ರಾಜ್ಯದವರಿಗೆ ಇಲ್ಲೊಂದು ಅನುಕೂಲವಿದೆ. ಕ್ರಾಸಿನಲ್ಲಿ ಚೆನ್ನಾಗಿ ಇಳಿಯುವುದು ಹೆಚ್ಚು ಹುರಿ ಹಾಕಿದ ನೂಲಿನ ಕ್ರೇಪು, ಮೈಸೂರು ರೇಷ್ಮೆಯ ಹೆಸರುವಾಸಿ ಬಟ್ಟೆಯೂ ಅದೇ. (ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ಆ ಕಾರ್ಖಾನೆ ಶುರುವಾದದ್ದೂ 1912ರಲ್ಲೇ ಎಂಬುದು ಕಾಕತಾಳೀಯ.) ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆಯಲ್ಲಿ ಗೌನು ಹೊಲಿಸುವ ಹವ್ಯಾಸ ಈಗ ಜೋರಾಗಿದೆ. ಹೊಲಿಸುವವರು ಜರಿ ಅಂಚನ್ನು ಮೊದಲೇ ಬಿಡಿಸಿ ಬೇರೆ ಇಡಲಿ. ಜರಿಯ ಲೋಹದ ಎಳೆ ಓರೆಯಾಗಿ ವಾಲುವುದಿಲ್ಲ, ಅಂಚು ಒಳಗೊಂಡ ತುಂಡು ಅಲ್ಲಲ್ಲೇ ಸೊಟ್ಟಗಾಗುತ್ತದೆ. ಅಂಚು ತೆಗೆದು ಒಡಲು 40 ಇಂಚು ಉಳಿದರೆ ಮೇಲಿನ ಲೆಕ್ಕದಂತೆ ಉದ್ದ ಅಗಲದ ಮೊತ್ತ 56. ಮೊಣಕಾಲು ದಾಟುವ ಲಂಗಕ್ಕೆ ಧಾರಾಳ, ನೆಲ ಮುಟ್ಟುವ ಗೌನಿಗೆ ಜೋಡು ಹಾಕಲೇಬೇಕು. ಹಳೆಯ ಸೀರೆಯ ಮಡಿಕೆ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಎಳೆ ಸವೆದಿದ್ದರೆ ಕ್ರಾಸಿನ ಎಳೆತಕ್ಕೆ ಮೊದಲು ಹರಿಯುವುದು ಆ ಗೆರೆಯೇ.

ಇನ್ನು ಶನೆಲ್. ನೀವು ಸರಳತೆ ಎಂದಿರಿ. ಗೇಬ್ರಿಯೆಲ್ ಶನೆಲ್ ಯುದ್ಧಾನಂತರ 1954ರಲ್ಲಿ ಮತ್ತೆ ಬಾಗಿಲು ತೆರೆದ ಮೇಲೆ ಹೆಸರಾದ ಟ್ವೀಡ್ ಜಾಕೆಟ್ಟಿನ ಒಳಗನ್ನು ಬಿಚ್ಚಿ ನೋಡಿದವರು ಆ ಪದ ಬಳಸಲಾರರು. ಆ ಟ್ವೀಡು (ಒರಟು ಉಣ್ಣೆ ಬಟ್ಟೆ) ಸಡಿಲ ನೇಯ್ಗೆಯದು. ಹಾಗೇ ಬಿಟ್ಟರೆ ಮೊಣಕೈ, ಬೆನ್ನು ಜೋತುಬೀಳುತ್ತವೆ. ಕ್ಯಾನ್ವಾಸ್ ಅಂಟಿಸಿದರೆ ರಟ್ಟಿನಂತಾಗುತ್ತದೆ. ಅವರ ಉಪಾಯವೆಂದರೆ ತೆಳು ರೇಷ್ಮೆ ಲೈನಿಂಗನ್ನು ಟ್ವೀಡಿಗೆ ಉದ್ದುದ್ದ ಮಿಷನ್ ಗೆರೆಗಳಿಂದ ಸೇರಿಸಿ ಹೊಲಿದುಬಿಡುವುದು. ಇಂಚು, ಒಂದೂವರೆ ಇಂಚಿನ ಅಂತರದ ಈ ಗೆರೆಗಳು ಟ್ವೀಡಿನ ಒರಟು ಎಳೆಗಳಲ್ಲಿ ಮುಳುಗಿ ಹೊರಗೆ ಕಾಣುವುದೇ ಇಲ್ಲ.

ಇದನ್ನು ಮಾಡಲು ಹೊರಟವರು ತಪ್ಪುವುದು ಒಂದೇ ಜಾಗದಲ್ಲಿ: ಗೆರೆಯನ್ನು ತುಂಡಿನ ತುದಿಯವರೆಗೂ ಎಳೆದುಬಿಡುತ್ತಾರೆ. ಪಕ್ಕದ ಹೊಲಿಗೆಯಿಂದ ಒಂದಿಂಚು, ಕೆಳ ಅಂಚಿನಿಂದ ಎರಡು ಇಂಚು ಮೊದಲೇ ನಿಲ್ಲಿಸಬೇಕು. ಆಗ ಲೈನಿಂಗನ್ನು ಪಕ್ಕಕ್ಕೆ ಸರಿಸಿ ಟ್ವೀಡ್ ತುಂಡುಗಳನ್ನು ಮಾತ್ರ ಮಿಷನ್ನಿನಲ್ಲಿ ಜೋಡಿಸಬಹುದು, ಆಮೇಲೆ ಲೈನಿಂಗಿನ ಅಂಚುಗಳನ್ನು ಒಂದರ ಮೇಲೊಂದು ಮಡಚಿ ಕೈಯಲ್ಲಿ ಹೊಲಿಯಬಹುದು. ತುದಿಯವರೆಗೆ ಹೊಲಿದರೆ ಜೋಡಿನಲ್ಲಿ ನಾಲ್ಕು ಪದರ ಸೇರಿ ದಪ್ಪಗಾಗುತ್ತದೆ. ಗೆರೆ ಹಾಕುವಾಗಲೇ ತುಂಡು ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಮೊದಲು ದೊಡ್ಡದಾಗಿ ಕತ್ತರಿಸಿ, ಗೆರೆ ಹಾಕಿದ ಮೇಲೆ ಪ್ಯಾಟರ್ನ್ ಇಟ್ಟು ಮತ್ತೆ ಗುರುತು ಮಾಡಿಕೊಳ್ಳಬೇಕು. ತೋಳು ಮೂರು ತುಂಡಿನದು, ಕಂಕುಳ ಕಟ್ಟು ಎತ್ತರದಲ್ಲಿ, ಚಿಕ್ಕದಾಗಿ. ಹಾಗಿದ್ದರೇ ಕೈ ಎತ್ತಿದಾಗ ಇಡೀ ಜಾಕೆಟ್ ಮೇಲೇರುವುದಿಲ್ಲ. ದೊಡ್ಡ ಕಂಕುಳು ಬಿಟ್ಟರೆ ಆರಾಮ ಎಂದುಕೊಳ್ಳುವ ನಮ್ಮ ಗಿರಾಕಿಗಳಿಗೆ ಇದನ್ನು ಒಪ್ಪಿಸುವುದು ಕಷ್ಟ. ಕೆಳ ಅಂಚಿನ ಒಳಗೆ, ಲೈನಿಂಗಿನ ಕೆಳಗೆ, ಸುತ್ತಲೂ ಒಂದು ಲೋಹದ ಸರಪಳಿಯನ್ನು ಕೈಹೊಲಿಗೆಯಲ್ಲಿ ಕೂರಿಸಿರುತ್ತಾರೆ. ಅಲಂಕಾರಕ್ಕಲ್ಲ, ಮೆತ್ತನೆಯ ಜಾಕೆಟ್ ನೇರ ತೂಗಲಿ ಎಂದು. ತೆಳು ಹತ್ತಿ ಜಾಕೆಟ್ಟಿಗೆ ಅದೇ ಸರಪಳಿ ಹಾಕಿದರೆ ಅಂಚು ಜಗ್ಗಿ ಜೋಲುತ್ತದೆ.

ಡಿಯೊರ್ ವಿಷಯ ಚುಟುಕಾಗಿ. 1947ರ ಫೆಬ್ರುವರಿ 12ರಂದು ಕ್ರಿಶ್ಚಿಯನ್ ಡಿಯೊರ್ ತೋರಿಸಿದ ಮೊದಲ ಸಂಗ್ರಹದ ‘ಬಾರ್’ ಜಾಕೆಟ್ಟಿನ ಸಣ್ಣ ಸೊಂಟ ಅರ್ಧಕ್ಕರ್ಧ ಕಣ್ಕಟ್ಟು. ಸೊಂಟದ ಕೆಳಗೆ ಒಳಗಿಂದ ಪ್ಯಾಡಿಂಗ್ ಕೊಟ್ಟು ಉಬ್ಬಿಸಿದ್ದರಿಂದ ನಡು ಸಣ್ಣಗೆ ಕಾಣುತ್ತದೆ. ಅಂಥ ಭಾರದ ಉಡುಪುಗಳ ಒಳಗೆ ಸೊಂಟಕ್ಕೆ ಹಿಗ್ಗದ ಗಟ್ಟಿ ಟೇಪು ಇರುತ್ತದೆ. ಮದುವೆಯ ಲೆಹೆಂಗಾ ಜಾರುತ್ತದೆ ಎಂದು ಗೋಳಾಡುವವರು ಇದನ್ನು ಕಲಿಯಬಹುದು. ಒಂದಿಂಚು ಅಗಲದ ಟೇಪನ್ನು ಸೊಂಟದ ಅಳತೆಗಿಂತ ಅರ್ಧ ಇಂಚು ಕಡಿಮೆ ಇಟ್ಟು, ಹೊಲಿಗೆ ಜೋಡುಗಳಿಗೆ ಮಾತ್ರ ಒಳಗಿಂದ ಸೇರಿಸಿ, ಮೊದಲು ಟೇಪಿನ ಹುಕ್ಕು, ಆಮೇಲೆ ಜಿಪ್ಪು ಹಾಕಿ. ಭಾರವನ್ನು ಟೇಪು ಹೊರುತ್ತದೆ, ಜಿಪ್ಪು ಬಾಯಿ ಬಿಡುವುದಿಲ್ಲ.

ಈವ್ ಸ್ಯಾಂ ಲೊರಾಂ ಅವರ 1965ರ ಮೊಂಡ್ರಿಯಾನ್ ಫ್ರಾಕನ್ನು (ಕಪ್ಪು ಗೆರೆ, ಬಣ್ಣದ ಚೌಕಗಳ ಚಿತ್ರಕಾರ ಮೊಂಡ್ರಿಯಾನ್ ಹೆಸರಿನದು) ನೀವು ‘ಚಿತ್ರಕಲೆಯನ್ನು ಬಟ್ಟೆಯ ಮೇಲೆ ಮೂಡಿಸಿದ್ದು’ ಎಂದು ಬರೆದಿದ್ದೀರಿ. ಮೂಡಿಸಿದ್ದಲ್ಲ, ಜೋಡಿಸಿದ್ದು. ಉಣ್ಣೆಯ ಜೆರ್ಸಿಯ ಬಿಳಿ, ಕೆಂಪು, ನೀಲಿ, ಹಳದಿ ತುಂಡುಗಳನ್ನೂ ಕಪ್ಪು ಪಟ್ಟಿಗಳನ್ನೂ ಬೇರೆ ಬೇರೆಯಾಗಿ ಕತ್ತರಿಸಿ ಸೇರಿಸಿದ್ದಾರೆ; ಎದೆಯ ಆಕಾರಕ್ಕೆ ಬೇಕಾದ ತಿರುವೆಲ್ಲ ಆ ಜೋಡುಗಳಲ್ಲಿ ಅಡಗಿದೆ. ಅದಕ್ಕೇ ಫ್ರಾಕು ನೋಡಲು ಚಪ್ಪಟೆ, ಹಾಕಿಕೊಂಡರೆ ಸರಿಯಾದ ಅಳತೆ. ಇದೇ ಚಿತ್ರವನ್ನು ಪ್ರಿಂಟ್ ಮಾಡಿದ ಬಟ್ಟೆಯಲ್ಲಿ ಟಕ್ಸ್ ಹಿಡಿದರೆ ಕಪ್ಪು ಗೆರೆ ಎದೆಯ ಮೇಲೆ ಮುರಿದುಬೀಳುತ್ತದೆ, ಟಕ್ಸ್ ಬಿಟ್ಟರೆ ಗೋಣಿಚೀಲ. ಕ್ವಿಲ್ಟಿನಂತೆ ಕೌದಿ ಹೊಲಿಯಬಲ್ಲ ಹೆಣ್ಣುಮಕ್ಕಳಿಗೆ ಈ ಕೆಲಸ ಬೇಗ ಕೈಗೆ ಹತ್ತುತ್ತದೆ.

ಕೊನೆಯದಾಗಿ ನೆರಿಗೆ. ಇಸ್ಸೆ ಮಿಯಾಕೆ ಅವರ ‘ಪ್ಲೀಟ್ಸ್ ಪ್ಲೀಸ್’ 1993ರದು. ನೆರಿಗೆ ಹಾಕಿದ ಬಟ್ಟೆಯನ್ನು ಕತ್ತರಿಸಿ ಹೊಲಿಯುವುದು ಲೋಕರೂಢಿ. ಅವರು ಮೊದಲು ಉಡುಪನ್ನು ಬೇಕಾದ ಅಳತೆಯ ಹಲವು ಪಟ್ಟು ದೊಡ್ಡದಾಗಿ ಹೊಲಿದು, ಆಮೇಲೆ ಕಾಗದದ ನಡುವೆ ಇಟ್ಟು, ಬಿಸಿ ಯಂತ್ರಕ್ಕೆ ಕೊಟ್ಟು ಇಡೀ ಉಡುಪಿಗೇ ನೆರಿಗೆ ಕೂರಿಸಿದರು. ಇದು ನಿಲ್ಲುವುದು ಪಾಲಿಯೆಸ್ಟರಿನಲ್ಲಿ. ಬಿಸಿಗೆ ಮೆತ್ತಗಾಗಿ, ಆರಿದಾಗ ಅದೇ ಆಕಾರದಲ್ಲಿ ಉಳಿಯುವ ಗುಣ ಅದರದು. ಹತ್ತಿಗೆ, ರೇಷ್ಮೆಗೆ ಆ ಗುಣವಿಲ್ಲ. ವೆನಿಸ್ಸಿನಲ್ಲಿ ನೆಲೆಸಿದ್ದ ಮರಿಯಾನೊ ಫೊರ್ಚುನಿ 1909ರಲ್ಲಿ ಪೇಟೆಂಟ್ ಪಡೆದ ‘ಡೆಲ್ಫೊಸ್’ ಗೌನು ಶುದ್ಧ ರೇಷ್ಮೆಯ ಸಣ್ಣ ನೆರಿಗೆಯದು. ಅದನ್ನು ಹಗ್ಗದಂತೆ ಹೊಸೆದು, ಸುರುಳಿ ಸುತ್ತಿ ಪುಟ್ಟ ಡಬ್ಬಿಯಲ್ಲಿಡುತ್ತಿದ್ದರು, ಒದ್ದೆಯಾದರೆ ನೆರಿಗೆ ಕೂರಿಸಲು ಅವರಲ್ಲಿಗೇ ವಾಪಸ್ ಕಳಿಸಬೇಕಿತ್ತು. ಆ ಗೌನಿನ ಕಲ್ಪನೆ ತನ್ನದಲ್ಲ, ಹೆಂಡತಿ ಹೆನ್ರಿಯೆಟ್ಟಾಳದು ಎಂದು ಫೊರ್ಚುನಿಯೇ ಪೇಟೆಂಟ್ ಪತ್ರದ ಮೇಲೆ ಬರೆದಿಟ್ಟಿದ್ದಾರೆ. ಹೆಸರಾಂತರ ಪಟ್ಟಿ ಮಾಡುವಾಗ ಇಂಥದ್ದೂ ನೆನಪಿರಲಿ. ಅಂದಹಾಗೆ, ಕಾಟನ್ ದುಪಟ್ಟಾಗೆ ಶಾಶ್ವತ ನೆರಿಗೆ ಎಂದು ಮಾರುವವರನ್ನು ನಂಬಬೇಡಿ. ಪಾಲಿಯೆಸ್ಟರಿನ ಒಳ್ಳೆಯ ನೆರಿಗೆಯನ್ನೂ ಇಸ್ತ್ರಿಪೆಟ್ಟಿಗೆ ಒಂದೇ ಉಜ್ಜಿಗೆ ಹಾಳುಮಾಡುತ್ತದೆ. ಬಲೆ ಚೀಲದಲ್ಲಿ ಒಗೆದು, ಒಣಗಿದ ಮೇಲೆ ಸುರುಳಿ ಸುತ್ತಿಡಿ.

ನಮ್ಮ ಕೋರಿಕೆ ದೊಡ್ಡದೇನಲ್ಲ. ಮುಂದಿನ ಸಲ ಇಂಥ ಲೇಖನದಲ್ಲಿ ಪ್ರತಿ ಚಿತ್ರದ ಕೆಳಗೆ ಮೂರು ವಿಷಯ ಹಾಕಿ: ಬಟ್ಟೆ ಯಾವ ನೂಲಿನದು, ನೇರ ಕಟ್ಟೋ ಕ್ರಾಸೋ, ಹಾಕಿಕೊಳ್ಳಲು ಬಾಯಿ ಎಲ್ಲಿದೆ. ಟೈಲರ್ ಅಂಗಡಿಗೆ ಚಿತ್ರ ಒಯ್ಯುವ ಓದುಗರೂ ಬಟ್ಟೆ ಕೊಳ್ಳುವ ಮೊದಲೇ ಈ ಮೂರನ್ನು ಟೈಲರ್ ಬಳಿ ಕೇಳಿಕೊಂಡರೆ ಅರ್ಧ ಜಗಳ ತಪ್ಪುತ್ತದೆ. ಜೊತೆಗೆ ಬೆನ್ನಿನ ಕಡೆಯ ಒಂದು ಚಿತ್ರ, ಬದಿಯಿಂದ ಒಂದು ಚಿತ್ರ ಇರಲಿ. ನಕಲು ಮಾಡುವವರ ಕಾಟಕ್ಕೆ ವಿಯೊನೆ ತಮ್ಮ ಲೇಬಲ್ಲಿನ ಮೇಲೆ ಹೆಬ್ಬೆರಳಿನ ಗುರುತು ಒತ್ತುತ್ತಿದ್ದರು, ಪ್ರತಿ ಉಡುಪಿನ ಮುಂದೆ, ಹಿಂದೆ, ಪಕ್ಕದ ಚಿತ್ರ ತೆಗೆಸಿ ಆಲ್ಬಮ್ಮಿನಲ್ಲಿ ಇಡುತ್ತಿದ್ದರು. ನಕಲು ತಡೆಯಲು ಅವರು ಮಾಡಿದ್ದನ್ನು ನೀವು ಕಲಿಸಲು ಮಾಡಿ. ಪುಟದಲ್ಲಿ ಜಾಗ ಸಾಲದಿದ್ದರೆ ಮುಂಭಾಗದ ಚಿತ್ರವನ್ನೇ ಚಿಕ್ಕದು ಮಾಡಿ.

ಇಂತಿ,
ಕೆಲವು ಹೊಲಿಗೆ ತರಬೇತಿ ಶಿಕ್ಷಕರು, ಧಾರವಾಡ